ಇಳಿಯುವ ನೀರು, ಏರುವ ಉಪ್ಪು

ಮರವಂತೆಯಲ್ಲಿ ಹೆದ್ದಾರಿಯ ಪಡುಬದಿಗೆ ಅರಬ್ಬಿ ಸಮುದ್ರ, ಮೂಡುಬದಿಗೆ ಸೌಪರ್ಣಿಕಾ. ನಡುವೆ ಉಳಿದಿರುವುದು ರಸ್ತೆ, ಅಲ್ಲೊಂದು ಇಲ್ಲೊಂದು ತೆಂಗಿನ ಮರ, ಕಡಲ್ಕೊರೆತಕ್ಕೆಂದು ಸುರಿದ ಕಪ್ಪು ಬಂಡೆಗಳು. ಕೊಡಚಾದ್ರಿಯ ಕಡೆಯಿಂದ ಇಳಿದು ಕೊಲ್ಲೂರನ್ನು ಹಾದು ಬಂದ ಹೊಳೆ ಇಲ್ಲಿ ಅಲೆಯ ಸದ್ದು ಕೇಳುವಷ್ಟು ಹತ್ತಿರ ಬರುತ್ತದೆ. ಬಂದರೂ ಕಡಲನ್ನು ಸೇರುವುದಿಲ್ಲ. ದಕ್ಷಿಣಕ್ಕೆ ತಿರುಗಿ ಗಂಗೊಳ್ಳಿಯ ಅಳಿವೆಯವರೆಗೂ ಹೋಗಿ, ಅಲ್ಲಿ ಉಳಿದ ಹೊಳೆಗಳ ಜೊತೆ ಕೂಡಿ ಕಡಲಿಗೆ ಬೀಳುತ್ತದೆ. ಬಸ್ಸಿನಲ್ಲಿ ಹೋಗುವವರು ಎರಡೂ ಕಿಟಕಿಯಿಂದ ಫೋಟೊ ತೆಗೆದು ‘ಒಂದು ಕಡೆ ಸಿಹಿನೀರು, ಒಂದು ಕಡೆ ಉಪ್ಪುನೀರು’ ಎಂದು ಹೇಳಿಕೊಳ್ಳುತ್ತಾರೆ. ಮಳೆಗಾಲದಲ್ಲಾದರೆ ಆ ಮಾತು ಸರಿ. ಫಾಲ್ಗುಣ ಕಳೆದು ಚೈತ್ರ ಕಾಲಿಟ್ಟ ಮೇಲೆ ಹೊಳೆಬದಿಯ ನೀರನ್ನೂ ಒಮ್ಮೆ ನಾಲಿಗೆಗೆ ತಾಗಿಸಿ ನೋಡಬೇಕು. ಅದೂ ಉಪ್ಪೇ.

ವಸಂತದಲ್ಲಿ ಹಿಮ ಕರಗಿ ಹೊಳೆ ತುಂಬುವ ದೇಶಗಳಿವೆ. ಅಲ್ಲಿಯ ಗಾಳದವರು ನೀರು ಬೆಚ್ಚಗಾಗುವುದನ್ನು ಕಾಯುತ್ತಾರೆ. ನಮ್ಮಲ್ಲಿ ಶಿವರಾತ್ರಿಯಿಂದ ಬೇಸಗೆಯ ಮೊದಲ ದೊಡ್ಡ ಮಳೆಯವರೆಗೆ ನೀರಿನದು ಒಂದೇ ಸುದ್ದಿ, ಇಳಿಯುವುದು. ಘಟ್ಟದ ತೊರೆಗಳು ಸೊರಗುತ್ತವೆ. ಮಲೆನಾಡಿನ ಕೆರೆಯ ಅಂಚು ದಿನಕ್ಕಿಷ್ಟು ಒಳಗೆ ಸರಿಯುತ್ತದೆ. ಕಾವೇರಿಯ ಬಂಡೆಗಳ ಮೇಲೆ ಮಳೆಗಾಲದ ನೀರು ಬಿಟ್ಟುಹೋದ ಗೆರೆ ಆಳೆತ್ತರದಲ್ಲಿ ಒಣಗಿ ನಿಲ್ಲುತ್ತದೆ. ಹವ್ಯಾಸಕ್ಕೆ ಮೀನು ಹಿಡಿಯುವವರಿಗೆ ಇದೇ ಸುಗ್ಗಿ, ಏಕೆಂದರೆ ನೀರು ಕಡಿಮೆಯಾದಷ್ಟೂ ಮೀನು ಎಲ್ಲಿರಬಹುದೆಂಬ ಊಹೆ ಗಟ್ಟಿಯಾಗುತ್ತದೆ. ಆದರೆ ತಿಳಿನೀರಿನಲ್ಲಿ ಮೀನು ನಮಗೆ ಕಂಡಷ್ಟೇ ಸಲೀಸಾಗಿ ನಾವೂ ಮೀನಿಗೆ ಕಾಣುತ್ತೇವೆ. ಬಿಳಿ ಅಂಗಿ ತೊಟ್ಟು ಹೊಳೆದಂಡೆಯಲ್ಲಿ ಎದ್ದು ನಿಲ್ಲುವವರು ಈ ತಿಂಗಳುಗಳಲ್ಲಿ ಬರಿಗೈಯಲ್ಲಿ ಮನೆಗೆ ಹೋಗುತ್ತಾರೆ.

ಉಪ್ಪು ಒಳಬರುವ ಬಗೆ ನೋಡಿ. ಮಳೆಗಾಲದಲ್ಲಿ ಹೊಳೆಯ ಸೆಳೆತವೇ ಕಡಲನ್ನು ಅಳಿವೆಯಾಚೆ ತಳ್ಳಿಟ್ಟಿರುತ್ತದೆ. ಮಾಗಿ ಕಳೆಯುವ ಹೊತ್ತಿಗೆ ಆ ತಳ್ಳುವ ಕಸುವು ಉಡುಗುತ್ತದೆ. ದಿನಕ್ಕೆ ಎರಡು ಸಲ ಬರುವ ಉಬ್ಬರ, ಬಂದಾಗಲೆಲ್ಲ ಒಂದಿಷ್ಟು ಉಪ್ಪನ್ನು ಮೇಲಕ್ಕೆ ಸಾಗಿಸುತ್ತದೆ. ಇಳಿತದಲ್ಲಿ ಅಷ್ಟೂ ವಾಪಸು ಹೋಗುವುದಿಲ್ಲ. ಉಪ್ಪುನೀರು ಭಾರವಾದ್ದರಿಂದ ಹೊಳೆಯ ತಳದಲ್ಲೇ ನುಸುಳಿ ಬರುತ್ತದೆ. ಮೇಲ್ಪದರದಲ್ಲಿ ಕೈಯದ್ದಿ ‘ಸಪ್ಪೆ’ ಎನ್ನುವ ಜಾಗದಲ್ಲೂ ಆಳಕ್ಕೆ ಬಿಟ್ಟ ಗಾಳ ಉಪ್ಪಿನಲ್ಲೇ ಕುಳಿತಿರುತ್ತದೆ. ಬೇಸಾಯಗಾರರಿಗೆ ಇದು ತಲೆನೋವು. ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಬೇಕು, ಹಲಗೆ ಸೋರಿದರೆ ಗದ್ದೆ ಹಾಳು, ಬಾವಿನೀರು ಕುಡಿಯಲು ಬಾರದು. ಗಾಳದವರ ಲೆಕ್ಕವೇ ಬೇರೆ. ಉಪ್ಪು ಏರಿದಷ್ಟು ದೂರವೂ ಕಡಲಮೀನು ಏರುತ್ತದೆ. ಒಂದೇ ಹೊಳೆಯ ದಂಡೆಯ ಮೇಲೆ ಒಬ್ಬರ ಮುಖ ಬಾಡಿರುತ್ತದೆ, ಇನ್ನೊಬ್ಬರ ಮುಖ ಅರಳಿರುತ್ತದೆ.

ಬೆಳಗಿನ ಹೊತ್ತು ತ್ರಾಸಿಯ ಮರಳದಂಡೆಯಲ್ಲಿ ಗಾಳಿ ಘಟ್ಟದ ಕಡೆಯಿಂದ ಕಡಲಿಗೆ ಬೀಸುತ್ತದೆ. ಅಲೆ ತಗ್ಗಿರುತ್ತದೆ, ತಲೆಯ ನೊರೆ ಹಿಂದಕ್ಕೆ ಹಾರುತ್ತದೆ. ಕಾಣೆ ಹಿಡಿಯುವ ಹೊತ್ತು ಇದು. ಮೊಣಕಾಲುದ್ದ ನೀರಿನಲ್ಲಿ ನಿಂತು, ಸಣ್ಣ ಗಾಳಕ್ಕೆ ಸಿಗಡಿಯ ಚೂರನ್ನೋ ಕೆಸರಿನ ಹುಳುವನ್ನೋ ಚುಚ್ಚಿ, ಹಗುರ ಸೀಸ ಕಟ್ಟಿ ಅಲೆಯ ಆಚೆಗೆ ಎಸೆಯುತ್ತಾರೆ. ಆಮೇಲೆ ದಾರವನ್ನು ತೋರುಬೆರಳಿನ ಮೇಲೆ ಇಟ್ಟುಕೊಂಡು ನಿಧಾನ ಎಳೆದುಕೊಳ್ಳುತ್ತಾರೆ. ಕಾಣೆ ತಳದ ಮೀನು, ಬೆದರಿದರೆ ಮರಳಿನೊಳಗೇ ಹೂತುಕೊಳ್ಳುವ ಸ್ವಭಾವದ್ದು. ಅದರ ಬಾಯಿ ಸಣ್ಣದು, ಕಚ್ಚುವುದೂ ಸಣ್ಣದೇ. ಬೆರಳಿಗೆ ಎರಡು ಸಲ ಚಿಟಿಕೆ ಕೊಟ್ಟಂತಾಗುತ್ತದೆ, ಅಷ್ಟೇ. ಎಂಟೊಂಬತ್ತು ಗಂಟೆಯ ಹೊತ್ತಿಗೆ ಬಿಸಿಲು ಏರಿ ನೀರು ಗಾಜಾದರೆ ಕಾಣೆ ದೂರ ಸರಿಯಿತೆಂದೇ ಅರ್ಥ. ಮಧ್ಯಾಹ್ನ ಗಾಳಿ ದಿಕ್ಕು ಬದಲಿಸಿ ವಾಯವ್ಯದಿಂದ ಬೀಸತೊಡಗುತ್ತದೆ, ದಂಡೆಯ ನೀರು ಕಲಕಿ ಮಸುಕಾಗುತ್ತದೆ. ಸಂಜೆ ಬೆಳಕು ಸಣ್ಣಗಾದಾಗ ಮತ್ತೊಂದು ಗಳಿಗೆ ಸಿಗುತ್ತದೆ. ರವೆ ಹಚ್ಚಿ ಕಾವಲಿಯಲ್ಲಿ ಹುರಿದ ಕಾಣೆಯನ್ನು ಹೊಗಳುವವರು ಊರು ತುಂಬ ಇದ್ದಾರೆ. ಅದನ್ನು ದಾರದಲ್ಲಿ ಹಿಡಿಯುವ ಸುಖ ಬಲ್ಲವರು ಅಷ್ಟಿಲ್ಲ.

ಹೊಳೆಬದಿಯ ಆಟ ಇನ್ನೊಂದು ತೆರನದು. ಅರಾಟೆ ಸೇತುವೆಯ ಕೆಳಗೆ, ಕಂಬಗಳ ಬುಡದಲ್ಲಿ, ಕಾಂಡ್ಲಾ ಗಿಡಗಳ ಬೇರಿನ ಸಂದಿಯಲ್ಲಿ ಕೆಂಬೇರಿ ಕಾದು ಕೂತಿರುತ್ತದೆ. ಈ ಮೀನು ಎಳೆವಯಸ್ಸನ್ನು ಅಳಿವೆಯಲ್ಲೇ ಕಳೆದು ಬಲಿತ ಮೇಲೆ ಹೊರಗಡಲಿನ ಬಂಡೆಗಳಿಗೆ ಹೋಗುತ್ತದೆ. ಹೊಳೆಯಲ್ಲಿ ಸಿಗುವುದು ಹೆಚ್ಚಾಗಿ ಹರೆಯದವು. ಹರೆಯದ ಗುಣವೂ ಇದೆ. ಗಾಳ ಕಚ್ಚಿದ ಮರುಕ್ಷಣ ಬಂಡೆಯ ಸಂದಿಗೆ ನುಗ್ಗಿ ದಾರ ಉಜ್ಜಿ ತುಂಡರಿಸುತ್ತದೆ. ಆದ್ದರಿಂದ ಕೆಂಬೇರಿಗೆ ಕೂರುವವರ ದಾರ ದಪ್ಪ, ಹಿಡಿತ ಬಿಗಿ. ಸೀಬಾಸ್ ಕೂಡ ಇದೇ ಜಾಗದಲ್ಲಿ ತಿರುಗುತ್ತದೆ, ಆದರೆ ಅದು ತೆರವು ನೀರಿಗೆ ಓಡುವ ಮೀನು, ಗಾಳಿಯಲ್ಲಿ ನೆಗೆದು ತಲೆ ಒದರಿ ಗಾಳ ಉಗುಳುತ್ತದೆ. ಇಬ್ಬರನ್ನೂ ಸೆಳೆಯುವುದು ಜೀವಂತ ಸಿಗಡಿ. ಕುಂದಾಪುರದ ಬಾಯಲ್ಲಿ ಚಟ್ಲಿ. ಅದನ್ನು ಬಾಲದ ಹತ್ತಿರ ಚುಚ್ಚಿ ಬಿಟ್ಟರೆ ನೀರಿನಲ್ಲಿ ಚಿಮ್ಮುತ್ತ ಇರುತ್ತದೆ. ಮನೆಯಲ್ಲಿ ಸಾರಿಗೆ ಬೇಕಾದ ಚಟ್ಲಿಯನ್ನು ಗಾಳಕ್ಕೆ ಕೊಂಡೊಯ್ಯುವವರು ಹಿಂಬಾಗಿಲಿನಿಂದ ಹೊರಡುವುದು ವಾಡಿಕೆ.

ಸಂಜೆ ನಾಲ್ಕೂವರೆಯ ಹೊತ್ತಿಗೆ ದಂಡೆಯಲ್ಲಿ ಜನ ಸೇರುತ್ತಾರೆ. ಹಳಬರ ಸಲಕರಣೆ ಒಂದು ಪ್ಲಾಸ್ಟಿಕ್ ಬಾಟಲಿ, ಅದಕ್ಕೆ ಸುತ್ತಿದ ತಂಗೂಸು, ತುದಿಗೆ ಸೀಸ, ಗಾಳ. ಕೋಲಿಲ್ಲ, ರೀಲಿಲ್ಲ. ಬಾಟಲಿಯ ಬಾಯಿಯನ್ನು ಮುಂದಕ್ಕೆ ಹಿಡಿದು ಸೀಸವನ್ನು ಗಿರಗಿರ ತಿರುಗಿಸಿ ಎಸೆದರೆ ದಾರ ಸುರುಳಿ ಬಿಚ್ಚಿಕೊಂಡು ಹೊಳೆಯ ಅರ್ಧಕ್ಕೆ ಹೋಗಿ ಬೀಳುತ್ತದೆ. ಪಕ್ಕದಲ್ಲಿ ಮಂಗಳೂರಿನಿಂದಲೋ ಬೆಂಗಳೂರಿನಿಂದಲೋ ಬಂದ ಹುಡುಗರು. ಕೈಯಲ್ಲಿ ಕಾರ್ಬನ್ ರಾಡು, ಹೆಣೆದ ದಾರ, ಪೆಟ್ಟಿಗೆ ತುಂಬ ಬಣ್ಣಬಣ್ಣದ ರಬ್ಬರ್ ಮೀನು. ಎಸೆಯುವುದು, ಎಳೆಯುವುದು, ಮತ್ತೆ ಎಸೆಯುವುದು. ಒಂದು ನಿಮಿಷ ಸುಮ್ಮನಿರುವುದಿಲ್ಲ. ಹಳಬರು ಕೂತಲ್ಲೇ ಕೂತಿರುತ್ತಾರೆ. ಯಾರು ಹೆಚ್ಚು ಹಿಡಿಯುತ್ತಾರೆ ಎಂಬ ಚರ್ಚೆಯನ್ನು ದಂಡೆಯಲ್ಲಿ ಎತ್ತಬಾರದು, ಜಗಳವಾಗುತ್ತದೆ. ನಾನು ಕಂಡಂತೆ, ಹೊಳೆ ಏರುವ ಹೊತ್ತು ಗೊತ್ತಿದ್ದವನ ಬಾಟಲಿ, ಗೊತ್ತಿಲ್ಲದವನ ರಾಡಿಗಿಂತ ಮೇಲು.

“ಹ್ವಾಯ್, ಎಂತಾರು ಸಿಕ್ತಾ?” ದಾರಿಯಲ್ಲಿ ಹೋಗುವವರ ಪ್ರಶ್ನೆ.

“ಎಂತ ಸಿಕ್ಕುದ್ ಮಾರ್ರೆ, ನೀರ್ ಏರ್ಕ್ ಅಲ್ದಾ?” ಕೂತವರ ಉತ್ತರ, ತಲೆ ಎತ್ತದೆ.

ಆ ‘ನೀರು ಏರುವುದರಲ್ಲೇ’ ಇಡೀ ಶಾಸ್ತ್ರ ಇದೆ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಎರಡು ಉಬ್ಬರಗಳೂ ಒಂದೇ ಎತ್ತರ ಏರುವುದಿಲ್ಲ. ಇಂದಿನ ಉಬ್ಬರ ನಾಳೆ ಸುಮಾರು ಐವತ್ತು ನಿಮಿಷ ತಡವಾಗಿ ಬರುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಏರಿಳಿತ ದೊಡ್ಡದು, ಸೆಳೆತವೂ ಜೋರು. ಅಷ್ಟಮಿಯ ಹೊತ್ತಿಗೆ ನೀರು ಹಂದಿತೋ ಇಲ್ಲವೋ ಎಂಬಂತಿರುತ್ತದೆ. ಹಾಗಾಗಿ ಗಾಳದವರ ಮನೆಯಲ್ಲಿ ಪಂಚಾಂಗ ನೋಡುವುದು ಮುಹೂರ್ತಕ್ಕಲ್ಲ, ತಿಥಿಗೆ. ಇಳಿತ ಮುಗಿದು ನೀರು ತಿರುಗುವಾಗ ಒಂದಷ್ಟು ಹೊತ್ತು ಎಲ್ಲ ನಿಂತುಹೋಗುತ್ತದೆ. ತೇಲುವ ಹುಲ್ಲುಕಡ್ಡಿ ಇದ್ದಲ್ಲೇ ಇರುತ್ತದೆ. ಆಮೇಲೆ ಅದು ಮೆಲ್ಲನೆ ಮೂಡಲಿಗೆ ಹೊರಟಿತೆಂದರೆ ದಂಡೆಯಲ್ಲಿ ಮಾತು ನಿಲ್ಲುತ್ತದೆ, ಬೀಡಿ ಆರುತ್ತದೆ. ಉಬ್ಬರದ ಜೊತೆ ಸಣ್ಣ ಮೀನು, ಸಿಗಡಿ ಒಳಬರುತ್ತವೆ. ಅವುಗಳ ಹಿಂದೆ ದೊಡ್ಡವು. ವಸಂತದಲ್ಲಿ ಮೇಲಿನಿಂದ ಬರುವ ನೀರಿನ ಅಡ್ಡಿ ಇಲ್ಲದ್ದರಿಂದ ಈ ಮೆರವಣಿಗೆ ಸ್ಪಷ್ಟ. ಮಳೆಗಾಲದ ಕೆಂಪು ನೀರಿನಲ್ಲಿ ಇದ್ಯಾವುದೂ ಕಾಣದು.

ಏಪ್ರಿಲ್ ಅರ್ಧ ದಾಟಿದ ಮೇಲೆ ಕಡಲಿನ ನಡತೆ ಬೇರೆ. ದಕ್ಷಿಣದ ಮಹಾಸಾಗರದಲ್ಲಿ ಎಲ್ಲೋ ಎದ್ದ ಬಿರುಗಾಳಿಯ ಉದ್ದಲೆಗಳು ಸಾವಿರಾರು ಕಿಲೋಮೀಟರ್ ದಾಟಿ ಇಲ್ಲಿಯ ದಂಡೆಗೆ ಬರುತ್ತವೆ. ಇಲ್ಲಿ ಗಾಳಿ ಇರುವುದಿಲ್ಲ, ಮೋಡ ಇರುವುದಿಲ್ಲ. ಇದ್ದಕ್ಕಿದ್ದಂತೆ ಅಲೆ ಏರಿ ಬಂಡೆಯ ಮೇಲಿದ್ದವರನ್ನು ಎಳೆಯುತ್ತದೆ. ಕೇರಳದ ಮೀನುಗಾರರು ಇದನ್ನು ಕಳ್ಳಕಡಲ್ ಎನ್ನುತ್ತಾರೆ. ಹೈದರಾಬಾದಿನಲ್ಲಿರುವ ಇನ್‌ಕಾಯಿಸ್ ಸಂಸ್ಥೆ ಇಂಥ ಅಲೆಗಳ ಮುನ್ನೆಚ್ಚರಿಕೆ ಕೊಡುತ್ತದೆ, ಅದು ಫೋನಿನಲ್ಲೇ ಸಿಗುತ್ತದೆ. ಗಂಗೊಳ್ಳಿ, ಕೋಡಿಯ ಬ್ರೇಕ್‌ವಾಟರಿನ ತುದಿಗೆ ಹೋಗಿ ಗಾಳ ಹಾಕುವವರು ಅದನ್ನು ನೋಡಿಯೇ ಹೊರಡಬೇಕು. ಪಾಚಿ ಕಟ್ಟಿದ ಕಾಂಕ್ರೀಟ್ ಕಾಲುಗಳ ಮೇಲೆ ಚಪ್ಪಲಿಯಲ್ಲಿ ಕುಣಿಯುವುದು ಧೈರ್ಯವೆಂದು ನಾನಂತೂ ಒಪ್ಪುವುದಿಲ್ಲ.

ಘಟ್ಟ ಹತ್ತಿದರೆ ಉಪ್ಪಿನ ಮಾತು ಮುಗಿಯಿತು. ಅಲ್ಲಿ ಇಳಿಯುವ ನೀರಿನದೇ ಕಾರುಬಾರು. ಸೊರಬ, ಸಾಗರ, ಶಿಕಾರಿಪುರದ ಕಡೆ ಯುಗಾದಿಯ ನಂತರ ಕೆರೆಗಳು ತಳ ಕಾಣತೊಡಗಿದಾಗ ಕೆರೆಬೇಟೆ ನಡೆಯುತ್ತದೆ. ದಿನ ಗೊತ್ತುಮಾಡಿ ಸುತ್ತಲ ಹಳ್ಳಿಗೆ ಸುದ್ದಿ ಮುಟ್ಟಿಸುತ್ತಾರೆ. ಬಿದಿರಿನ ಕೂಣಿ ಹೊತ್ತ ನೂರಾರು ಜನ ದಂಡೆಯ ಸುತ್ತ ನಿಲ್ಲುತ್ತಾರೆ. ಸೂಚನೆ ಸಿಕ್ಕಿದ್ದೇ ತಡ ಎಲ್ಲರೂ ಒಟ್ಟಿಗೆ ಕೆಸರಿಗೆ ನುಗ್ಗಿ ಕೂಣಿಯನ್ನು ತಳಕ್ಕೆ ಒತ್ತುತ್ತಾರೆ. ಒಳಗೆ ಏನೋ ಬಡಿದಾಡಿತೆಂದರೆ ಮೇಲಿನ ಕಿಂಡಿಯಿಂದ ಕೈ ಹಾಕಿ ಹಿಡಿಯಬೇಕು. ಕೂಣಿಗೆ ಇಷ್ಟೆಂದು ಎತ್ತಿದ ಹಣ ಊರಿನ ದೇವಸ್ಥಾನಕ್ಕೋ ಊರಕೆಲಸಕ್ಕೋ ಹೋಗುವ ಪದ್ಧತಿ ಇದೆ. 2024ರಲ್ಲಿ ಇದೇ ಹೆಸರಿನ ಕನ್ನಡ ಚಲನಚಿತ್ರ ಬಂದ ಮೇಲೆ ಬಯಲುಸೀಮೆಯವರಿಗೂ ಈ ಆಟದ ಪರಿಚಯವಾಯಿತು. ಗಾಳದ ತಪಸ್ಸು ಇಲ್ಲಿಲ್ಲ, ಜಾತ್ರೆಯ ಗದ್ದಲವಿದೆ. ಆದರೂ ಹವ್ಯಾಸದ ಮೀನುಗಾರಿಕೆ ಎಂದರೆ ಒಂಟಿ ಮನುಷ್ಯ, ಒಂದು ಕೋಲು ಎಂದುಕೊಂಡವರು ಒಮ್ಮೆ ಅಲ್ಲಿಗೆ ಹೋಗಿ ಮೈತುಂಬ ಕೆಸರು ಮಾಡಿಕೊಂಡು ಬರಬೇಕು.

ಕೆರೆಯಲ್ಲೇ ಗಾಳ ಹಾಕುವವರು ಬೇಸಗೆಯ ಮುಂಜಾವವನ್ನು ಗಮನಿಸಿರುತ್ತಾರೆ. ಮೀನು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿರುತ್ತದೆ. ಹಸಿವಿನಿಂದಲ್ಲ, ಉಸಿರಿಗಾಗಿ. 20 ಡಿಗ್ರಿ ಸೆಲ್ಸಿಯಸ್‌ನ ಸಿಹಿನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಟ್ಟುಕೊಳ್ಳಬಲ್ಲದು, 30 ಡಿಗ್ರಿಯ ನೀರು ಏಳೂವರೆ ಮಾತ್ರ. ಅದರಲ್ಲೂ ರಾತ್ರಿಯಿಡೀ ಪಾಚಿ, ಗಿಡ, ಮೀನು ಎಲ್ಲ ಸೇರಿ ಉಸಿರಾಡಿ ಬೆಳಗಿನ ಜಾವಕ್ಕೆ ಇದ್ದದ್ದೂ ಖಾಲಿ. ಆ ಹೊತ್ತಿನಲ್ಲಿ ರೋಹು, ಕಾಟ್ಲಾ ಗಾಳದ ಕಡೆ ತಿರುಗಿಯೂ ನೋಡುವುದಿಲ್ಲ. ಬಿಸಿಲು ಬಿದ್ದು ಪಾಚಿ ಮತ್ತೆ ಕೆಲಸ ಶುರುಮಾಡಿದ ಮೇಲೆಯೇ ಬೆಂಡು ಅಲುಗುವುದು. ಗಾಳಿಯನ್ನೇ ನೇರವಾಗಿ ನುಂಗಿ ಬದುಕುವ ಕೊರವಕ್ಕೆ ಈ ಕಷ್ಟವಿಲ್ಲ. ಹಾಗಾಗಿ ಬತ್ತುವ ಕೆರೆಯ ಕೊನೆಯ ದೊರೆ ಅದೇ. ಜೊಂಡಿನ ಅಂಚಿನಲ್ಲಿ ಸಣ್ಣ ಕಪ್ಪೆಯನ್ನು ಕುಣಿಸಿದರೆ ಕೊರವ ಎರಗುವ ಸದ್ದು ಆಚೆ ದಡಕ್ಕೆ ಕೇಳುತ್ತದೆ. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರಿಂದಾಗಿ ಕನ್ನಡದ ಓದುಗರಿಗೆ ಗಾಳ ಹಿಡಿದು ಕೂತ ಮನುಷ್ಯ ಸೋಮಾರಿಯಾಗಿ ಕಾಣುವುದು ತಪ್ಪಿತು. ಆ ಮಟ್ಟಿಗೆ ನಾವೆಲ್ಲ ಅವರ ಋಣದಲ್ಲಿದ್ದೇವೆ.

ಕಾವೇರಿಯ ಕತೆ ಬೇರೆಯೇ ದೊಡ್ಡದು. ಶಿವನಸಮುದ್ರದಲ್ಲಿ ಧುಮುಕಿದ ನದಿ ಭೀಮೇಶ್ವರಿ, ಗಾಲಿಬೋರೆಗಳನ್ನು ಹಾದು ಮೇಕೆದಾಟಿನ ಕಡೆಗೆ ಹೋಗುವ ದಾರಿಯಲ್ಲಿ ಮಹಶೀರ್‌ಗಳ ಮಡುಗಳಿವೆ. ಫೆಬ್ರುವರಿ, ಮಾರ್ಚ್‌ನಲ್ಲಿ ನೀರು ತಗ್ಗಿ ಬಂಡೆಗಳ ನಡುವಿನ ಸೆಳವು ಕಣ್ಣಿಗೆ ಕಾಣತೊಡಗಿದಾಗ ಜಗತ್ತಿನ ನಾನಾ ಕಡೆಯ ಗಾಳಗಾರರು ಇಲ್ಲಿಗೆ ಬರುತ್ತಿದ್ದರು. ಅವರ ದುಬಾರಿ ರಾಡುಗಳ ತುದಿಯಲ್ಲಿ ಇರುತ್ತಿದ್ದದ್ದು ರಾಗಿ. ಹಿಟ್ಟನ್ನು ಗಟ್ಟಿಯಾಗಿ ಕಲಸಿ, ಬೇಯಿಸಿ, ನಿಂಬೆಹಣ್ಣಿನಿಂದ ಕಿತ್ತಳೆಯವರೆಗಿನ ಗಾತ್ರದ ಉಂಡೆ ಕಟ್ಟಿ ಗಾಳವನ್ನು ಒಳಗಡಗಿಸುವುದು. ನದಿದಂಡೆಯ ಹಳ್ಳಿಗಳ ಸಹಾಯಕರು ಹರಿಗೋಲು ನಡೆಸುತ್ತ, ಯಾವ ಬಂಡೆಯ ಮಗ್ಗುಲಲ್ಲಿ ಉಂಡೆ ನಿಲ್ಲುತ್ತದೆಂದು ಹೇಳಿಕೊಡುತ್ತಿದ್ದರು. ಮಹಶೀರ್‌ನ ದವಡೆಯಲ್ಲಿ ಹಲ್ಲಿಲ್ಲ. ಹಲ್ಲಿರುವುದು ಗಂಟಲಲ್ಲಿ, ಏಡಿ-ಚಿಪ್ಪು ಪುಡಿಮಾಡುವಷ್ಟು ಗಟ್ಟಿ. ಕಚ್ಚಿದ ಮೇಲೆ ಅದು ಸೆಳವಿನ ಜೊತೆ ಕೆಳಕ್ಕೆ ಓಡುತ್ತದೆ, ಹಿಡಿದವನು ಬಂಡೆಯಿಂದ ಬಂಡೆಗೆ ಹಾರುತ್ತ ಹಿಂದೆ ಓಡಬೇಕು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದ ಮೀನು 120 ಪೌಂಡ್, ಎಂದರೆ 54 ಕಿಲೊ ತೂಗಿತು.

ಈ ಹವ್ಯಾಸಕ್ಕೆ ನಮ್ಮ ನೆಲದಲ್ಲಿ ಹಳೆಯ ದಾಖಲೆಯೂ ಇದೆ. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲ್ಲಿವನ್ ಥಾಮಸ್ ಬರೆದ ‘ದಿ ರಾಡ್ ಇನ್ ಇಂಡಿಯಾ’ ಮೊದಲು ಅಚ್ಚಾದದ್ದು 1873ರಲ್ಲಿ, ಮಂಗಳೂರಿನಲ್ಲಿ. ಅದಕ್ಕೂ ಮುಂಚೆ ಜಿಲ್ಲೆಯ ಮೀನು ಸಾಕಣೆಯ ಬಗ್ಗೆ ಸರಕಾರಕ್ಕೆ ವರದಿ ಬರೆದಾತ ಆತ.

ಕಾವೇರಿಯ ಡುಬ್ಬದ ಮಹಶೀರ್‌ಗೆ ಏನಾಯಿತೆಂದು ಜಗತ್ತಿಗೆ ತಿಳಿಸಿದ್ದೂ ಗಾಳಗಾರರೇ. ಹಿಡಿದು, ತೂಗಿ, ಬಿಡುವ ಪದ್ಧತಿ ಇದ್ದದ್ದರಿಂದ ಗಾಲಿಬೋರೆಯ ಶಿಬಿರದ ದಾಖಲೆ ಪುಸ್ತಕಗಳಲ್ಲಿ ಪ್ರತಿ ಮೀನಿನ ಲೆಕ್ಕ ಉಳಿದಿತ್ತು. 1998ರಿಂದ 2012ರವರೆಗಿನ ಆ ಲೆಕ್ಕವನ್ನು ಸಂಶೋಧಕರು ಹರಡಿ ನೋಡಿದಾಗ ಡುಬ್ಬದ ಮೀನು ವರ್ಷ ವರ್ಷ ಕಡಿಮೆಯಾಗಿ, ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಹೆಚ್ಚಾದದ್ದು ಕಂಡಿತು. ಒಳ್ಳೆಯ ಉದ್ದೇಶದಿಂದಲೇ ಮರಿ ತಂದು ಬಿಟ್ಟಿದ್ದರು. ಪರಿಣಾಮ ಹೀಗಾಯಿತು. 2018ರಲ್ಲಿ ಈ ಮೀನಿಗೆ ಟೋರ್ ರೆಮಾದೇವಿ ಎಂಬ ವೈಜ್ಞಾನಿಕ ಹೆಸರು ಖಚಿತವಾಯಿತು. ಅದೇ ವರ್ಷ ಐಯುಸಿಎನ್ ಅದನ್ನು ತೀರ ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಅಷ್ಟರೊಳಗೆ ವನ್ಯಜೀವಿ ಕಾಯ್ದೆಯ ಪ್ರಕಾರ ಅಭಯಾರಣ್ಯದಲ್ಲಿ ಗಾಳ ಹಾಕುವುದೂ ಬೇಟೆಯೇ ಎಂಬ ನಿಲುವಿನಿಂದ ಕಾವೇರಿ ವನ್ಯಧಾಮದೊಳಗಿನ ಶಿಬಿರಗಳಲ್ಲಿ ಆಟ ನಿಂತುಹೋಗಿತ್ತು. ಕಾನೂನು ಸರಿಯೇ ಇರಬಹುದು. ಆದರೆ ದಂಡೆಯಲ್ಲಿ ಹಗಲಿಡೀ ಕೂರುವ ಜನ ಇಲ್ಲದ ಮೇಲೆ ಡೈನಮೈಟ್ ಎಸೆಯುವವನಿಗೆ ಹೆದರಿಕೆ ಯಾರದು? ಮೀನನ್ನು ಉಳಿಸಲು ಗಾಳಗಾರನನ್ನು ಓಡಿಸಿದ್ದು ಅರ್ಧ ಕೆಲಸವಾಯಿತೆಂದೇ ನನ್ನ ಎಣಿಕೆ. ಕೊಡಗಿನ ವಾಲ್ನೂರಿನ ಕಡೆ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿ ಪರವಾನಗಿ ಕೊಟ್ಟು, ಹಿಡಿದ ಮೀನನ್ನು ಬಿಡುವ ಷರತ್ತು ಹಾಕಿ ನದಿಯ ಒಂದು ಪಾಲನ್ನು ಕಾಯುತ್ತ ಬಂದಿದೆ. ಆ ದಾರಿ ನನಗೆ ಹೆಚ್ಚು ಹಿಡಿಸುತ್ತದೆ.

ಗಾಳ ತಾಗಬಾರದ ನೀರೂ ಇದೆ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನುಗಳು ವಸಂತದ ತಗ್ಗುನೀರಿನಲ್ಲಿ ಒಂದರ ಮೇಲೊಂದು ಬಿದ್ದು ಅಕ್ಕಿ, ಮಂಡಕ್ಕಿಗೆ ಬಾಯೊಡ್ಡುತ್ತವೆ. ಶಿಶಿಲದಲ್ಲಿ 1996ರಲ್ಲಿ ಯಾರೋ ನೀರಿಗೆ ವಿಷ ಹಾಕಿ ಸಾವಿರಾರು ಮೀನು ಸತ್ತವು. ಅವುಗಳ ನೆನಪಿಗೆ ಊರವರು ಸ್ಮಾರಕ ಕಟ್ಟಿದ್ದಾರೆ.

ಮೇ ತಿಂಗಳ ಹೊತ್ತಿಗೆ ಹೊಳೆ, ಕೆರೆಗಳ ಬಹುಪಾಲು ಮೀನುಗಳ ಹೊಟ್ಟೆಯಲ್ಲಿ ಮೊಟ್ಟೆ ಬಲಿಯುತ್ತಿರುತ್ತದೆ. ಮುಂಗಾರಿನ ಹೊಸನೀರಿಗೆ ಅವು ಮೇಲೇರಿ ಮೊಟ್ಟೆ ಇಡಬೇಕು. ಆದ್ದರಿಂದ ಈ ಬೇಸಗೆಯಲ್ಲಿ ದಂಡೆಗೆ ಹೋಗುವವರಲ್ಲಿ ಕೆಲವು ಕೋರಿಕೆ. ಹೊಟ್ಟೆ ಉಬ್ಬಿದ ಮೀನು ಸಿಕ್ಕರೆ ಕೈ ಒದ್ದೆ ಮಾಡಿಕೊಂಡು ಗಾಳ ಬಿಡಿಸಿ ನೀರಿಗೆ ಬಿಡಿ. ಒಣಕೈ ತಾಗಿದರೆ ಅದರ ಮೈಯ ಲೋಳೆ ಕಿತ್ತುಬರುತ್ತದೆ. ಕಾಡಿನ ನೀರಾದರೆ ಅನುಮತಿ ಕೇಳಿ, ಊರಿನ ಕೆರೆಯಾದರೆ ಗುತ್ತಿಗೆ ಹಿಡಿದವರನ್ನು ಕೇಳಿ. ತುಂಡಾದ ತಂಗೂಸನ್ನು ಬಂಡೆಗೆ ಬಿಟ್ಟು ಬರಬೇಡಿ, ಅದಕ್ಕೆ ಸಿಕ್ಕಿಬೀಳುವುದು ಆಮೆ, ನೀರುಕಾಗೆ. ಸುತ್ತಿ ಜೇಬಿಗೆ ಹಾಕಿಕೊಳ್ಳಿ, ಅಂಗೈಯಷ್ಟೂ ಆಗುವುದಿಲ್ಲ.